ಹಳೆಯ ಮೇನ್‌ಫ್ರೇಮ್ ಅಪ್ಲಿಕೇಶನ್‌ನ ಸೋರ್ಸ್ ಗಿಟ್‌ಗೆ ಹೋಗಬೇಕೇ?

ಕಲಬುರಗಿಯಲ್ಲಿ ಮನೆಯಿಂದಲೇ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್) ಕೆಲಸ ಮಾಡುವವರು ಈಗ ಅಪರೂಪವಲ್ಲ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವರಲ್ಲಿ ಕೆಲವರು ಇಲ್ಲಿಯೇ ಉಳಿದುಕೊಂಡಿದ್ದಾರೆ. ವಿಮಾ ಕಂಪನಿಯೊಂದರ, ಕೋಬಾಲ್ ಭಾಷೆಯಲ್ಲಿ ಬರೆದ ಹಳೆಯ ಅಪ್ಲಿಕೇಶನ್ ನೋಡಿಕೊಳ್ಳುವ ಇಲ್ಲಿನ ತಂಡವೊಂದರ ಮುಂದೆ ಈಗ ಒಂದು ಪ್ರಶ್ನೆಯಿದೆ: ಬಹುಕಾಲದಿಂದ ಎಂಡೆವರ್ ಎಂಬ ಮೇನ್‌ಫ್ರೇಮ್ ಸೋರ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿರುವ ಸೋರ್ಸ್ ಕೋಡನ್ನು (ಪ್ರೋಗ್ರಾಂಗಳ ಮೂಲ ಬರಹ), ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಎಂಬ ಸಾಧನಕ್ಕೆ ಸಾಗಿಸಬೇಕೇ, ಇದ್ದಲ್ಲಿಯೇ ಬಿಡಬೇಕೇ? ತಂಡದ ಇಬ್ಬರ ವಾದಗಳು ಇಲ್ಲಿವೆ.

ಪರ

ನಮ್ಮ ಯಾವುದೇ ಹಳೆಯ ಪ್ರೋಗ್ರಾಂ ತೆರೆದರೆ ಮೊದಲ ಎರಡು ಪರದೆಗಳ ತುಂಬ, ಯಾರು ಯಾವ ವರ್ಷ ಏನು ಬದಲಿಸಿದರು ಎಂಬ ಕಾಮೆಂಟುಗಳೇ ಸಿಗುತ್ತವೆ. ಕೋಬಾಲ್ ಸಾಲಿನ 73ರಿಂದ 80ರವರೆಗಿನ ಕಾಲಂಗಳನ್ನು ಕಂಪೈಲರ್ (ಸೋರ್ಸನ್ನು ಯಂತ್ರಭಾಷೆಗೆ ಬದಲಿಸುವ ಸಾಧನ) ಲೆಕ್ಕಕ್ಕೆ ಹಿಡಿಯದ ಕಾರಣ ಅಲ್ಲಿ ಪ್ರತಿಯೊಬ್ಬರೂ ತಮ್ಮ ಟಿಕೆಟ್ ಸಂಖ್ಯೆಯನ್ನು ಬರೆಯುತ್ತ ಬಂದಿದ್ದಾರೆ. ಅದೇ ಸಾಲನ್ನು ಮತ್ತೊಬ್ಬರು ಮುಟ್ಟಿದಾಗ ಹಿಂದಿನವರ ಗುರುತು ಅಳಿಸಿಹೋಗುತ್ತದೆ. ಬೇಡವಾದ ಸಾಲುಗಳನ್ನು ತೆಗೆಯಲು ಧೈರ್ಯ ಸಾಲದೆ ಏಳನೆಯ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಬರಿಯ ಕಾಮೆಂಟಾಗಿಸಿ ಹಾಗೆಯೇ ಉಳಿಸಲಾಗಿದೆ. ಎಂಡೆವರ್ ಇದ್ದೂ ಜನ ಇತಿಹಾಸವನ್ನು ಕೋಡಿನೊಳಗೇ ಬರೆದಿಟ್ಟುಕೊಂಡಿದ್ದಾರೆ ಎಂದರೆ, ಇತಿಹಾಸ ಬೇಕಾದಾಗ ಅವರು ಎಂಡೆವರ್ ಕಡೆ ನೋಡುತ್ತಿಲ್ಲ ಎಂದೇ ಅರ್ಥ.

ಎಂಡೆವರ್ ಇತಿಹಾಸ ಇಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಇಡುವುದು ಒಂದೊಂದು ಎಲಿಮೆಂಟಿನ (ಅಂದರೆ ಒಂದೊಂದು ಕಡತದ) ಇತಿಹಾಸವನ್ನು. ಪ್ರೀಮಿಯಂ ಲೆಕ್ಕದ ಒಂದು ಬದಲಾವಣೆ ಒಂದು ಕಾಪಿಬುಕ್ಕನ್ನು (ಹಂಚಿಕೊಂಡು ಬಳಸುವ ಕೋಡಿನ ತುಣುಕು), ಅದನ್ನು ಬಳಸುವ ಹಲವು ಪ್ರೋಗ್ರಾಂಗಳನ್ನು ಮತ್ತು ರಾತ್ರಿ ಬ್ಯಾಚಿನ ಜೆಸಿಎಲ್ ಅನ್ನು (ಜಾಬ್‌ಗಳನ್ನು ಓಡಿಸುವ ಆದೇಶಗಳು) ಒಟ್ಟಿಗೆ ಮುಟ್ಟಿದಾಗ, ಇವೆಲ್ಲ ಒಂದೇ ಕೆಲಸದ ಭಾಗಗಳೆಂದು ಮುಂದೆ ತಿಳಿಯುವುದು ಬದಲಿಸಿದವರು ಪ್ರತಿ ಎಲಿಮೆಂಟಿಗೂ ಸರಿಯಾದ ಸಿಸಿಐಡಿ (ಬದಲಾವಣೆಯ ಗುರುತು) ಕೊಟ್ಟಿದ್ದರೆ ಮಾತ್ರ. ಗಿಟ್‌ನಲ್ಲಿ ಕಮಿಟ್ ಎಂಬುದೇ ಇಡೀ ಬದಲಾವಣೆಯ ಘಟಕ; ಯಾವ ಕಡತಗಳು ಸೇರಿ ಬದಲಾದವು, ಏಕೆ ಬದಲಾದವು ಎಂಬುದು ಒಂದೇ ಕಡೆ ಉಳಿಯುತ್ತದೆ.

ಸೈನ್‌ಔಟ್ ಇನ್ನೊಂದು ತೊಡಕು. ಒಬ್ಬರು ಪ್ರೋಗ್ರಾಂ ಅನ್ನು ತಮ್ಮ ಹೆಸರಿಗೆ ಹಿಡಿದುಕೊಂಡು ಶರಣಬಸವೇಶ್ವರ ಜಾತ್ರೆಗೆ ರಜೆ ಹಾಕಿದರೆ, ಅದರಲ್ಲಿಯೇ ತುರ್ತು ತಿದ್ದುಪಡಿ ಮಾಡಬೇಕಾದವರು ಒಂದೋ ಕಾಯಬೇಕು, ಇಲ್ಲವೇ ಅನುಮತಿ ಪಡೆದು ಬಲವಂತದಿಂದ ಕಿತ್ತುಕೊಳ್ಳಬೇಕು. ಮುಂದೆ ಎರಡನ್ನೂ ಕೈಯಾರೆ ಹೊಂದಿಸಬೇಕು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಗಿಟ್ ಕಟ್ಟಿದ್ದೇ ನೂರಾರು ಜನ ಒಬ್ಬರಿಗೊಬ್ಬರು ಕಾಯದೆ ಕೆಲಸ ಮಾಡಲೆಂದು. ನಮ್ಮ ಊರಿಗೆ ಸಂಬಂಧಿಸಿದ ಮಾತೂ ಒಂದಿದೆ. ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಕರೆಂಟ್ ಹೋಗಿ ಇಂಟರ್‌ನೆಟ್ ಕಡಿದರೆ ಮೇನ್‌ಫ್ರೇಮ್‌ನ ಹಸಿರು ಪರದೆ ಅಲ್ಲಿಗೆ ನಿಂತಿತು. ಲ್ಯಾಪ್‌ಟಾಪ್‌ನಲ್ಲಿ ಗಿಟ್ ರೆಪಾಸಿಟರಿಯ (ಸೋರ್ಸ್ ಭಂಡಾರದ) ಪೂರ್ಣ ಪ್ರತಿ ಇದ್ದರೆ ಕಂಪೈಲ್ ಮಾಡಲಾಗದಿದ್ದರೂ ಓದುವ, ಹುಡುಕುವ, ತಿದ್ದುವ ಕೆಲಸವಾದರೂ ಸಾಗುತ್ತದೆ.

ಗಿಟ್ ಮೇನ್‌ಫ್ರೇಮ್‌ಗೆ ಹೊಂದುವುದಿಲ್ಲ ಎಂಬುದು ಹಳೆಯ ಮಾತು. ರಾಕೆಟ್ ಸಾಫ್ಟ್‌ವೇರ್ ಎಂಬ ಕಂಪನಿ ಅದನ್ನು ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಆದ ಜೆಡ್‌ಓಎಸ್‌ಗೆ ತಂದಿದೆ. ಯಾವ ಕಾಪಿಬುಕ್ ಬದಲಾದರೆ ಯಾವ ಪ್ರೋಗ್ರಾಂ ಮತ್ತೆ ಕಂಪೈಲ್ ಆಗಬೇಕೆಂದು ಗುರುತಿಸುವ ಡಿಬಿಬಿ ಎಂಬ ಬಿಲ್ಡ್ ಸಾಧನವನ್ನು ಐಬಿಎಂ ಕೊಡುತ್ತಿದೆ.

ವಿರೋಧ

ಮೇಲಿನ ವಾದದಲ್ಲಿ ಸೋರ್ಸ್ ಬಗ್ಗೆ ಎಲ್ಲವೂ ಇದೆ, ಲೋಡ್ ಮಾಡ್ಯೂಲ್ (ಕಂಪೈಲ್ ಆಗಿ ಓಡಲು ಸಿದ್ಧವಾದ ಪ್ರೋಗ್ರಾಂ) ಬಗ್ಗೆ ಒಂದು ಸಾಲೂ ಇಲ್ಲ. ರಾತ್ರಿ ಬ್ಯಾಚಿನಲ್ಲಿ ಓಡುವುದು ಲೋಡ್ ಮಾಡ್ಯೂಲ್. ಅದು ನಿರ್ದಿಷ್ಟವಾಗಿ ಯಾವ ಸೋರ್ಸ್‌ನಿಂದ ಹುಟ್ಟಿತು ಎಂದು ಆಡಿಟರ್ ಕೇಳಿದರೆ, ಎಂಡೆವರ್ ಕಂಪೈಲ್ ಮಾಡುವಾಗ ಅದರೊಳಗೇ ಇಟ್ಟ ಫುಟ್‌ಪ್ರಿಂಟ್ ಎಂಬ ಗುರುತು ತೋರಿಸಿ ಉತ್ತರ ಕೊಡುತ್ತೇವೆ. ಬರೆದವರೇ ಪ್ರೊಡಕ್ಷನ್‌ಗೆ (ನಿಜ ಬಳಕೆಗೆ) ದಾಟಿಸದಂತೆ ತಡೆಯುವ ಅನುಮೋದನೆಯೂ ಅದೇ ವ್ಯವಸ್ಥೆಯಲ್ಲಿದೆ. ಗಿಟ್‌ಗೆ ತನ್ನಷ್ಟಕ್ಕೆ ಲೋಡ್ ಲೈಬ್ರರಿ ಎಂಬುದೇ ಗೊತ್ತಿಲ್ಲ. ಸೋರ್ಸ್ ಮತ್ತು ಲೋಡ್ ಮಾಡ್ಯೂಲ್ ನಡುವಿನ ಆ ಕೊಂಡಿಯನ್ನು ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ನಾವೇ ಕಟ್ಟಿ, ನಾವೇ ಕಾಯಬೇಕು. ಈ ಕೊಂಡಿ ತಪ್ಪಿದರೆ ಏನಾಗುತ್ತದೆಂದು ಡಿಬಿ2 ಡೇಟಾಬೇಸ್ ಬಲ್ಲವರಿಗೆ ಹೇಳಬೇಕಿಲ್ಲ: ಲೋಡ್ ಮಾಡ್ಯೂಲ್ ಒಂದು ಕಂಪೈಲ್‌ನದು, ಬೈಂಡ್ (ಡೇಟಾಬೇಸ್ ಕಡೆಯ ಜೋಡಣೆ) ಇನ್ನೊಂದರದು ಆದಾಗ ಮೈನಸ್ 818 ಎಂಬ ದೋಷ ಸಂಕೇತ ಬಂದು ಜಾಬ್ ನಿಲ್ಲುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಅಕ್ಷರಗಳದು. ನಮ್ಮ ಸೋರ್ಸ್ ಇರುವುದು ಎಬ್ಸಿಡಿಕ್ ಎಂಬ ಮೇನ್‌ಫ್ರೇಮ್ ಅಕ್ಷರ ಸಂಕೇತದಲ್ಲಿ, ಸಾಲಿಗೆ 80 ಬೈಟ್‌ಗಳ ದಾಖಲೆಗಳಾಗಿ. ಸಾಲು ಎಲ್ಲಿ ಮುಗಿಯಿತೆಂದು ಹೇಳಲು ಅಲ್ಲಿ ಯಾವ ಚಿಹ್ನೆಯೂ ಬೇಕಿಲ್ಲ, ಉದ್ದವೇ ಸಾಕು. ಗಿಟ್ ಅದನ್ನು ಯುಟಿಎಫ್-8 ಎಂಬ ಇನ್ನೊಂದು ಅಕ್ಷರ ಸಂಕೇತಕ್ಕೆ ಪರಿವರ್ತಿಸಿ, ಪ್ರತಿ ಸಾಲಿನ ಕೊನೆಗೆ ಚಿಹ್ನೆಯಿಟ್ಟು ಕೂಡಿಸಿಡುತ್ತದೆ. ಈಗ, ಹಿಂದೆ ಯಾರೋ ಮೇನ್‌ಫ್ರೇಮ್‌ನ ಐಎಸ್‌ಪಿಎಫ್ ಎಡಿಟರ್‌ನಲ್ಲಿ ಹೆಕ್ಸ್ (ಬೈಟ್‌ಗಳ ಸಂಖ್ಯಾರೂಪ) ಆನ್ ಮಾಡಿ, ಉದ್ಧರಣ ಚಿಹ್ನೆಗಳ ನಡುವೆ ಹೆಕ್ಸ್ 15 ಎಂಬ ಬೈಟನ್ನು ನೇರವಾಗಿ ತುಂಬಿದ್ದಾರೆ ಎಂದಿಟ್ಟುಕೊಳ್ಳಿ. ಪರದೆಯಲ್ಲಿ ಅದು ಖಾಲಿ ಜಾಗದಂತೆಯೇ ತೋರುತ್ತದೆ. ಎಬ್ಸಿಡಿಕ್‌ನಲ್ಲಿ ಆ ಬೈಟೇ ಹೊಸ ಸಾಲಿನ ಸಂಕೇತವಾದ್ದರಿಂದ ಪರಿವರ್ತನೆಯ ನಂತರ ಆ ಸಾಲು ಎರಡಾಗಿ ಒಡೆಯುತ್ತದೆ, ಮರಳಿ ತಂದಾಗಲೂ ಒಂದಾಗುವುದಿಲ್ಲ. ಇಲ್ಲಿ ಕಂಪೈಲರ್ ಕೂಗಿಕೊಂಡರೆ ನಮ್ಮ ಅದೃಷ್ಟ. ಕೋಡ್ ಪೇಜ್ (ಯಾವ ಬೈಟ್ ಯಾವ ಅಕ್ಷರವೆಂಬ ಪಟ್ಟಿ) ತಪ್ಪಾಗಿ ಹಿಡಿದು ಸದ್ದಿಲ್ಲದೆ ಬದಲಾಗುವ ಬೈಟ್‌ಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ಅಂಥ ಬೈಟ್‌ಗಳನ್ನು ಹುಡುಕಿ ಹೆಕ್ಸ್ ಲಿಟರಲ್ ಆಗಿ, ಅಂದರೆ ಕಣ್ಣಿಗೆ ಕಾಣುವ ಸಂಖ್ಯಾರೂಪದಲ್ಲಿ, ಬರೆದರಾಯಿತು ಎನ್ನಬಹುದು. ಹಾಗೆ ಬರೆದರೆ ಆ ಪ್ರೋಗ್ರಾಂ ಮತ್ತೆ ಕಂಪೈಲ್ ಆಗಬೇಕು. ಬಹಳ ವರ್ಷ ಯಾರೂ ಮುಟ್ಟದ ಪ್ರೋಗ್ರಾಂ ಹೊಸ ಕಂಪೈಲರ್‌ಗೆ ಸಿಕ್ಕಾಗ, ಸಂಖ್ಯೆಯ ಜಾಗದಲ್ಲಿ ಸಂಖ್ಯೆಯಲ್ಲದ ದತ್ತಾಂಶವಿದ್ದರೆ ಹಿಂದಿನಂತೆಯೇ ನಡೆದುಕೊಳ್ಳುತ್ತದೆಂಬ ಭರವಸೆಯಿಲ್ಲ. ಐದನೆಯ ಆವೃತ್ತಿಯಿಂದೀಚಿನ ಎಂಟರ್‌ಪ್ರೈಸ್ ಕೋಬಾಲ್‌ಗೆ (ಐಬಿಎಂನ ಕಂಪೈಲರ್‌ಗೆ) ಬಂದವರು ಇದನ್ನು ಕಂಡಿದ್ದಾರೆ. ವ್ಯವಹಾರದ ದೃಷ್ಟಿಯಿಂದ ಒಂದಿಷ್ಟೂ ಬದಲಾವಣೆ ಬೇಡದ ಪ್ರೋಗ್ರಾಂಗೆ, ಸೋರ್ಸ್ ಇಡುವ ಜಾಗ ಬದಲಾಯಿತೆಂಬ ಒಂದೇ ಕಾರಣಕ್ಕೆ ಪೂರ್ಣ ಪರೀಕ್ಷೆ ನಡೆಸಬೇಕಾಗುತ್ತದೆ. ಆ ಖರ್ಚನ್ನು ಯಾರು ಕೊಡುತ್ತಾರೆ?

ಹೊಸ ಹುಡುಗರಿಗೆ ಗಿಟ್ ಗೊತ್ತು, ಎಂಡೆವರ್ ಗೊತ್ತಿಲ್ಲ ಎಂಬ ಮಾತೂ ತಂಡದಲ್ಲಿ ಆಗಾಗ ಕೇಳಿಬರುತ್ತದೆ. ಎಂಡೆವರ್ ಕಲಿಯಲು ಕೆಲವು ವಾರ ಸಾಕು. ಕಂತು ತಪ್ಪಿ ನಿಂತುಹೋದ ಪಾಲಿಸಿ ಮತ್ತೆ ಜೀವಂತವಾದಾಗ ಬೋನಸ್ ಹೇಗೆ ಲೆಕ್ಕವಾಗುತ್ತದೆಂದು ತಿಳಿಯಲು ವರ್ಷಗಳೇ ಬೇಕು, ಅದನ್ನು ಯಾವ ಸಾಧನವೂ ಕಡಿಮೆ ಮಾಡದು. ಲ್ಯಾಪ್‌ಟಾಪ್‌ನಲ್ಲಿಯೇ ಪೂರ್ಣ ಪ್ರತಿ ಎಂಬುದನ್ನು ನನ್ನ ಸಹೋದ್ಯೋಗಿ ಅನುಕೂಲವೆಂದು ಎಣಿಸಿದ್ದಾರೆ. ವಿಮಾ ಕಂಪನಿಯ ಭದ್ರತಾ ವಿಭಾಗ ಹಾಗೆ ಎಣಿಸಲಾರದು.

ನಮ್ಮ ಸೋರ್ಸ್ ಯಾವ ನಿಯಂತ್ರಣವೂ ಇಲ್ಲದೆ ಬರಿಯ ಪಿಡಿಎಸ್ ಲೈಬ್ರರಿಗಳಲ್ಲಿ (ಮೇನ್‌ಫ್ರೇಮ್‌ನ ಸಾದಾ ಕಡತ ಸಂಗ್ರಹಗಳಲ್ಲಿ) ಬಿದ್ದಿದ್ದರೆ ನಾನೂ ಗಿಟ್ ಪರವಾಗಿಯೇ ಬರೆಯುತ್ತಿದ್ದೆ. ಬೇಕಾದವರು ಗಿಟ್‌ನಲ್ಲಿ ತಿದ್ದಿ, ಕಂಪೈಲ್ ಮತ್ತು ಅನುಮೋದನೆಗಳು ಎಂಡೆವರ್‌ನಲ್ಲಿಯೇ ನಡೆಯುವಂತೆ ಎರಡನ್ನೂ ಜೋಡಿಸುವ ಸೇತುವೆಯನ್ನು ಎಂಡೆವರ್‌ನ ಒಡೆತನದ ಕಂಪನಿ ಬ್ರಾಡ್‌ಕಾಮ್ ಸ್ವತಃ ಕೊಡುತ್ತಿದೆ. ಸಂಪೂರ್ಣ ಸ್ಥಳಾಂತರದ ಮಾತಿಗೆ ಮುನ್ನ ಅದನ್ನು ಪರಿಶೀಲಿಸಬೇಕಿತ್ತು. ಜೆಸಿಎಲ್‌ಗೂ ನಮ್ಮ ರೆಕ್ಸ್ ಸ್ಕ್ರಿಪ್ಟ್‌ಗಳಿಗೂ ಲೋಡ್ ಮಾಡ್ಯೂಲ್‌ನ ಗೊಡವೆಯಿಲ್ಲ. ಅವುಗಳನ್ನು ನಾಳೆಯೇ ಗಿಟ್‌ಗೆ ಒಯ್ದರೂ ನನ್ನ ತಕರಾರಿಲ್ಲ. ಕೋಬಾಲ್ ಮತ್ತು ಕಾಪಿಬುಕ್‌ಗಳ ಮಟ್ಟಿಗೆ, ಪರಿವರ್ತನೆಯಲ್ಲಿ ಒಡೆಯುವ ಪ್ರೋಗ್ರಾಂಗಳ ಪಟ್ಟಿಯನ್ನೂ ಅವುಗಳ ಪರೀಕ್ಷೆಯ ಅಂದಾಜು ವೆಚ್ಚವನ್ನೂ ಮೊದಲು ಮೇಜಿನ ಮೇಲಿಡಲಿ.