ಸ್ಪಷ್ಟನೆ: ಫೋಟೋದಲ್ಲಿರುವುದು ರಿಯೊ ಗ್ರಾಂಡ್ ಸದರ್ನ್ ರೈಲಲ್ಲ

ಅಮೆರಿಕದ ಕೊಲೊರಾಡೊ ಬೆಟ್ಟಗಳಲ್ಲಿ ಹೊಗೆ ಉಗುಳುತ್ತಾ ಸಾಗುವ ರೈಲಿನ ಫೋಟೋ ಹಂಚಿ, 'ಗಣಿಗಳ ರಿಯೊ ಗ್ರಾಂಡ್ ಸದರ್ನ್ ಇನ್ನೂ ಓಡುತ್ತಿದೆ' ಎನ್ನುತ್ತಿದ್ದಾರೆ. ಅದು ತಪ್ಪು. ಫೋಟೋದಲ್ಲಿರುವುದು ಡುರಾಂಗೊ–ಸಿಲ್ವರ್ಟನ್ ರೈಲು. 1882ರ ಆ 45 ಮೈಲಿಯ ದಾರಿಯೇ ಬೇರೆ. ಅದು ಉಳಿದುಕೊಂಡಿದೆ.

ರಿಯೊ ಗ್ರಾಂಡ್ ಸದರ್ನ್ ಉಳಿಯಲಿಲ್ಲ. ಬೆಳ್ಳಿ ಗಣಿಗಳನ್ನು ನಂಬಿ ಉದ್ಯಮಿ ಆಟೊ ಮಿಯರ್ಸ್ ಡುರಾಂಗೊದಿಂದ ರಿಡ್ಜ್‌ವೇವರೆಗೆ ಹಾಕಿಸಿದ 162 ಮೈಲಿ ದಾರಿ ಅದು. 1891ರಲ್ಲಿ ಮುಗಿಯಿತು. ಎರಡೇ ವರ್ಷಕ್ಕೆ ಬೆಳ್ಳಿ ಬೆಲೆ ಕುಸಿಯಿತು. ಆದರೂ ರೈಲಿನವರು ಸುಮ್ನೆ ಕೈಚೆಲ್ಲಲಿಲ್ಲ. 1931ರಿಂದ ಹಳೆ ಕಾರುಗಳಿಗೆ ರೈಲು ಚಕ್ರ ಜೋಡಿಸಿ 'ಗ್ಯಾಲಪಿಂಗ್ ಗೂಸ್' ಎಂಬ ಬಂಡಿಗಳನ್ನು ಓಡಿಸಿದರು. ಅಂಚೆ, ಸಾಮಾನು, ನಾಲ್ಕಾರು ಜನ, ಎಲ್ಲ ಅದರಲ್ಲೇ. ಎಂಥ ಛಲ ಅಲ್ವಾ! 1951ರಲ್ಲಿ ಓಡಾಟ ನಿಂತಿತು. ಆಮೇಲೆ ಹಳಿಗಳನ್ನೂ ಕಿತ್ತರು. ಫೋಟೋ ಹಂಚಿದವರು ದಯವಿಟ್ಟು ಹೆಸರು ತಿದ್ದಿ.