ಬಡ್ ಫಾಸ್ಟರ್ ಬಗ್ಗೆ ಇನ್ನೂ ಹೇಳಬೇಕಿತ್ತು

ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದ ಬಡ್ ಫಾಸ್ಟರ್ ಕುರಿತ ಲೇಖನ ಓದಿದೆ. ಅವರು ಕೊನೆಯವರೆಗೂ ಮುಖ್ಯ ಕೋಚ್ ಆಗಲಿಲ್ಲ ಎಂಬುದನ್ನು ಲೇಖಕರು ಕೊರತೆ ಎಂಬಂತೆ ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. 1987ರಲ್ಲಿ ಮುಖ್ಯ ಕೋಚ್ ಫ್ರಾಂಕ್ ಬೀಮರ್ ಜೊತೆ ಮರ್ರೆ ಸ್ಟೇಟ್ ವಿಶ್ವವಿದ್ಯಾಲಯದಿಂದ ವರ್ಜೀನಿಯಾ ಟೆಕ್ ಇರುವ ಬ್ಲ್ಯಾಕ್ಸ್‌ಬರ್ಗ್‌ಗೆ ಬಂದಾಗ ತಂಡದ ಸ್ಥಿತಿ ಹೀನಾಯವಾಗಿತ್ತು. ಮೊದಲ ವರ್ಷ ಗೆದ್ದದ್ದು ಎರಡೇ ಪಂದ್ಯ. 1992ರಲ್ಲೂ ಅಷ್ಟೇ. ಆಗಲೂ ಅವರು ಬಿಟ್ಟು ಹೋಗಲಿಲ್ಲ.

1995ರಲ್ಲಿ ಎದುರಾಳಿ ಅಂಕ ಗಳಿಸದಂತೆ ತಡೆಯುವ ರಕ್ಷಣಾ ವಿಭಾಗದ ಹೊಣೆ ಹೊತ್ತರು. ಗಣಿ ಕಾರ್ಮಿಕರು ಒಯ್ಯುವಂಥ ತಗಡಿನ ಊಟದ ಡಬ್ಬಿ ಆ ವಿಭಾಗದ ಗುರುತಾದದ್ದು ಆಗಲೇ. ಅದೇ ಹಂಗಾಮಿನಲ್ಲಿ ಹಂಗಾಮಿನ ಕೊನೆಯ ಪ್ರತಿಷ್ಠಿತ ಪಂದ್ಯಗಳಲ್ಲೊಂದಾದ ಶುಗರ್ ಬೌಲ್‌ನಲ್ಲಿ ಟೆಕ್ಸಾಸ್ ತಂಡವನ್ನು 28-10ರಿಂದ ಸೋಲಿಸಿದರು. 2007ರ ಏಪ್ರಿಲ್‌ನಲ್ಲಿ ಕ್ಯಾಂಪಸ್‌ನಲ್ಲಿ ನಡೆದ ಗುಂಡಿನ ದಾಳಿಯಲ್ಲಿ 32 ಮಂದಿ ಪ್ರಾಣ ಕಳೆದುಕೊಂಡರಲ್ಲ, ಆ ವರ್ಷ ಅವರೆಲ್ಲರ ಹೆಸರುಗಳನ್ನು ಅದೇ ಡಬ್ಬಿಯಲ್ಲಿ ಇಟ್ಟುಕೊಂಡು ತಂಡ ಆಡಿತು. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ನನಗೆ ನಿಜಕ್ಕೂ ಬೇಸರವಾಯಿತು.

2006ರಲ್ಲಿ ಇಡೀ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟದ್ದು ಇವರ ರಕ್ಷಣಾ ಪಡೆ. ಸಹಾಯಕ ಕೋಚ್‌ಗಳಿಗೆ ಕೊಡುವ ಬ್ರಾಯಲ್ಸ್ ಪ್ರಶಸ್ತಿ ಆ ವರ್ಷ ಅವರಿಗೇ ಬಂತು. 2015ರಲ್ಲಿ ಬೀಮರ್ ನಿವೃತ್ತರಾದಾಗ ಹೊಸದಾಗಿ ಬಂದ ಜಸ್ಟಿನ್ ಫುಯೆಂಟೆ ಇವರನ್ನು ಉಳಿಸಿಕೊಂಡರು. ಹೊಸ ಮುಖ್ಯ ಕೋಚ್ ಸಾಮಾನ್ಯವಾಗಿ ತಮ್ಮವರನ್ನೇ ಕರೆತರುವ ಆಟ ಅದು! 2019ರವರೆಗೆ ಒಂದೇ ಕಾಲೇಜಿನಲ್ಲಿ 33 ಹಂಗಾಮು. ಮುಖ್ಯ ಕೋಚ್ ಹುದ್ದೆಗಿಂತ ಇದು ಹೇಗೆ ಕಡಿಮೆ, ಲೇಖಕರು ದಯವಿಟ್ಟು ತಿಳಿಸಲಿ.