ಒನ್ ಫಾರ್ಟಿ ಫೋರ್ ಇದೆ, ಗುಂಪು ಕಟ್ಟಬೇಡಿ

ಮಾರ್ಚ್ ತಿಂಗಳ ಮಧ್ಯಾಹ್ನ ಒಂದೂವರೆಗೆ ಕಾರವಾರದ ರಸ್ತೆಯಲ್ಲಿ ಸಿಗುವವರು ಎರಡೇ ಜಾತಿ. ಮೀನು ತರಲು ಹೋಗಿ ತಡ ಮಾಡಿಕೊಂಡವರು, ಮಕ್ಕಳ ಪರೀಕ್ಷೆ ಮುಗಿಯುವುದನ್ನು ಕಾಯುವವರು. ನಾನು ಎರಡನೆಯ ಜಾತಿ. ಅಕ್ಕನ ಮಗಳು ಸಿಬಿಎಸ್‌ಇ ಹನ್ನೆರಡನೇ ಕ್ಲಾಸು, ಅವತ್ತು ಕೊನೆಯ ಪೇಪರು, ಲೀಗಲ್ ಸ್ಟಡೀಸ್. ಥಿಯರಿಗೆ 80, ಪ್ರಾಜೆಕ್ಟಿಗೆ 20. ನಾವೆಲ್ಲ ಪೊಲೀಸರು ಗಾಡಿ ಹಿಡಿದಾಗ ಮಾತ್ರ ಕಲಿತ ವಿಷಯವನ್ನು ಈಗಿನವರು ಪುಸ್ತಕದಲ್ಲೇ ಓದಿ ಮುಗಿಸುತ್ತಾರೆ.

ಪಕ್ಕದ ಕಾಲೇಜಿನಲ್ಲಿ ಪಿಯುಸಿ ಪರೀಕ್ಷೆಯೂ ನಡೆದಿತ್ತು. ಹಾಗಾಗಿ ಸುತ್ತ 200 ಮೀಟರ್ ನಿಷೇಧಾಜ್ಞೆ. ಕಾಂಪೌಂಡಿಗೆ ಒಂದು ಫ್ಲೆಕ್ಸು, ಅದರ ಮೇಲೆ ದಪ್ಪಕ್ಷರದಲ್ಲಿ 144. ಐದು ಅಥವಾ ಹೆಚ್ಚು ಜನ ಸೇರಬಾರದು, ಝೆರಾಕ್ಸ್ ಅಂಗಡಿ ತೆರೆಯಬಾರದು. ಅಂಗಡಿಯೇನೋ ಮುಚ್ಚಿತ್ತು, ಆದರೆ ಕಾರವಾರದ ಪದ್ಧತಿಯಲ್ಲಿ. ಶಟರ್ ಕೆಳಗೆ ಒಂದು ಗೇಣು ಸಂದು. ಒಬ್ಬರು ಬಗ್ಗಿ ಆಧಾರ್ ಕಾರ್ಡು ಒಳಗೆ ತೂರಿಸಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಕೈ ಬಂತು, ಕೈಯಲ್ಲಿ ಎರಡು ಕಾಪಿ. ಇತ್ತ ಗೇಟಿನಿಂದ ಹೊರಬಿದ್ದ ಹುಡುಗನೊಬ್ಬ ಅಪ್ಪನ ಮೊಬೈಲ್ ಕಸಿದುಕೊಂಡು ಪ್ರಶ್ನೆಪತ್ರಿಕೆಯ ಅಷ್ಟೂ ಪುಟಗಳ ಫೋಟೋ ಹೊಡೆದು ಟ್ಯೂಷನ್ ಸರ್‌ಗೆ ಕಳಿಸಿಯೂ ಆಯಿತು. ಆ ಫೋನಿಗೆ ಶಟರ್ ಎಳೆಯುವುದು ಹೇಗೆ ಅಂತ ಆಜ್ಞೆಯಲ್ಲಿ ಬರೆದಿರಲಿಲ್ಲ.

ನಮ್ಮ ಹುಡುಗಿ ಮತ್ತು ಅವಳ ಪಟಾಲಂ ಬಾದಾಮಿ ಮರದ ಕೆಳಗೆ ನಿಂತು ಉತ್ತರ ತಾಳೆ ನೋಡಲು ಶುರು ಮಾಡಿದರು. ಏಳು ಜನ. ಪೇದೆ ಬಂದರು.

‘ಏಯ್, ಹೊರಡಿ ಹೊರಡಿ. ಒನ್ ಫಾರ್ಟಿ ಫೋರ್ ಇದೆ, ಗುಂಪು ಕಟ್ಟಬೇಡಿ.’

‘ಸರ್, 144 ಈಗಿಲ್ಲ’ ಅಂದಳು ಕನ್ನಡಕದ ಹುಡುಗಿ. ‘2024ರ ಜುಲೈ 1ಕ್ಕೆ ಹಳೇ ದಂಡ ಪ್ರಕ್ರಿಯಾ ಸಂಹಿತೆ, ಸಿಆರ್‌ಪಿಸಿ ಹೋಯ್ತು. ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆ, ಬಿಎನ್‌ಎಸ್‌ಎಸ್ 163.’

‘ಯಾವುದಾದ್ರೂ ಇರಲಿ ತಂಗಿ, ಐದು ಜನ ನಿಲ್ಲೋ ಹಾಗಿಲ್ಲ.’

‘163ರಲ್ಲಿ ಐದು ಅಂತ ಎಲ್ಲೂ ಇಲ್ಲ ಸರ್. ಐದು ಬರೋದು ಕಾನೂನುಬಾಹಿರ ಕೂಟಕ್ಕೆ, ಅದು ಬೇರೆ, ನ್ಯಾಯ ಸಂಹಿತೆ, ಬಿಎನ್‌ಎಸ್ 189.’

ಪೇದೆ ನನ್ನ ಮುಖ ನೋಡಿದರು. ನಾನು ಮರದ ಮೇಲಿನ ಕಾಗೆ ನೋಡಿದೆ. ಕೊನೆಗೆ ರಾಜಿಯಾಯಿತು. ಮಕ್ಕಳು ನಾಲ್ಕು ಮತ್ತು ಮೂರು ಅಂತ ಎರಡು ಭಾಗವಾದರು, ನಡುವೆ ಒಂದು ಮೊಳ ಜಾಗ ಬಿಟ್ಟು ಸ್ವಲ್ಪ ಗಟ್ಟಿಯಾಗಿ ಮಾತಾಡತೊಡಗಿದರು. ಗೇಟಿನ ಹತ್ತಿರ ಮೂವತ್ತು ನಲವತ್ತು ಪಾಲಕರು ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದೆವಲ್ಲ, ನಮ್ಮನ್ನು ಯಾರೂ ಎಣಿಸಲಿಲ್ಲ.

ಮೊದಲು ಕೊಲೆಯ ವಿಚಾರ. ಒಬ್ಬ ಹಳೇ ಐಪಿಸಿಯ 302 ಬರೆದಿದ್ದ. ಸೀನಿಯರ್ ಹತ್ತಿರ ಅರ್ಧ ರೇಟಿಗೆ ತಂದ ಗೈಡು, ಪಾಪ. ಐಪಿಸಿಯ ಜಾಗಕ್ಕೆ ಬಂದ ಹೊಸ ಸಂಹಿತೆ ಬಿಎನ್‌ಎಸ್‌ನಲ್ಲಿ ಕೊಲೆಗೆ 103. ಅಲ್ಲಿ 302 ಅಂದರೆ ಧಾರ್ಮಿಕ ಭಾವನೆಗೆ ನೋವು ಮಾಡುವ ಮಾತಾಡುವುದು, ಹೆಚ್ಚೆಂದರೆ ಒಂದು ವರ್ಷ. ಅಂದರೆ ಇವನ ಉತ್ತರಪತ್ರಿಕೆಯಲ್ಲಿ ಕೊಲೆಗಾರ ಮುಂದಿನ ಮಾರ್ಚಿಗೆ ಮನೆಗೆ. ‘ಏನೋ ಫೋರ್ ಟ್ವೆಂಟಿ ಗೈಡು ಅದು’ ಅಂತ ಬೈದ. ಅದೂ ಇಲ್ವಂತೆ. ಹೊಸ ಸಂಹಿತೆ 358ಕ್ಕೇ ಮುಗಿಯುತ್ತದೆ, ಮೋಸಕ್ಕೆ 318. ಇನ್ನು ಮೇಲೆ ‘ಅವನೊಬ್ಬ ತ್ರೀ ಏಟೀನ್’ ಅಂತ ಬೈದರೆ ಯಾರಿಗೆ ತಾಗುತ್ತದೆ ಹೇಳಿ. ಸರ್ಕಾರ ಒಂದು ಒಳ್ಳೆಯ ಬೈಗುಳವನ್ನು ಸುಮ್ನೆ ಹಾಳು ಮಾಡಿತು.

ಬಿಸಿಲು ಜಾಸ್ತಿಯಾಗಿ ಎಲ್ಲರೂ ಕಬ್ಬಿನ ಹಾಲಿನ ಗಾಡಿಗೆ ಹೋದೆವು. ಅಲ್ಲಿ ಡೊನೊಹ್ಯೂ ವರ್ಸಸ್ ಸ್ಟೀವನ್‌ಸನ್ ಕೇಸು ಬಂತು. 1928ರಲ್ಲಿ ಸ್ಕಾಟ್ಲೆಂಡಿನ ಹೆಂಗಸೊಬ್ಬರು ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದರು, ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತಂತೆ. ದುಡ್ಡು ಕೊಟ್ಟವಳು ಗೆಳತಿ, ಆದರೂ ಕುಡಿಯುವವರ ಬಗ್ಗೆ ಎಚ್ಚರ ವಹಿಸುವ ಹೊಣೆ ತಯಾರಕನ ಮೇಲಿದೆ ಅಂತ 1932ರಲ್ಲಿ ತೀರ್ಪಾಯಿತು. ಇದನ್ನು ನನಗೆ ವಿವರಿಸಿದ ಹುಡುಗ ಮಾತಿನ ನಡುವೆ ತನ್ನ ಗ್ಲಾಸಿನಲ್ಲಿ ತೇಲುತ್ತಿದ್ದ ನೊಣವನ್ನು ಕಿರುಬೆರಳಿನಿಂದ ಎತ್ತಿ ಪ್ಯಾಂಟಿಗೆ ಒರೆಸಿ, ‘ಸೋ, ಡ್ಯೂಟಿ ಆಫ್ ಕೇರ್ ಇದೆ ಅಂಕಲ್’ ಅಂದು ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದ.

ದುಡ್ಡು ಕೊಡುವ ಹೊತ್ತಿಗೆ ಮೊಹೊರಿ ಬೀಬಿ ಬಂದಳು. 1903ರ ತೀರ್ಪು, ಅಪ್ರಾಪ್ತ ವಯಸ್ಕರ ಜೊತೆ ಮಾಡಿಕೊಂಡ ಒಪ್ಪಂದ ಅನೂರ್ಜಿತ. ‘ನಂಗೆ ಹದಿನೇಳು, ಅಣ್ಣಾ ನಂಗೂ ನಿಮಗೂ ಒಪ್ಪಂದವೇ ಆಗಿಲ್ಲ’ ಅಂದಳು ನಮ್ಮ ಹುಡುಗಿ. ಕನ್ನಡಕದ ಹುಡುಗಿ ಬಿಡಬೇಕಲ್ಲ. ಕರಾರು ಕಾಯ್ದೆಯ 68ನೇ ಕಲಂ ಪ್ರಕಾರ ಅಗತ್ಯ ವಸ್ತು ಕೊಟ್ಟರೆ ಅಪ್ರಾಪ್ತರ ಆಸ್ತಿಯಿಂದ ವಸೂಲಿ ಮಾಡಬಹುದು, ಕಾರವಾರದ ಮಾರ್ಚಿನಲ್ಲಿ ಕಬ್ಬಿನ ಹಾಲು ಅಗತ್ಯ ವಸ್ತುವೇ. ಗಾಡಿಯವರು ಎರಡೂ ಕಡೆಯ ವಾದ ಕೇಳಿ, ಚಿಲ್ಲರೆ ಇಲ್ಲ ಅಂತ ನನ್ನ ಕೈಗೆ ನಾಲ್ಕು ಚಾಕಲೇಟು ಹಾಕಿದರು. ಗ್ರಾಹಕರ ಹಕ್ಕಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಪೇಪರು ಮುಗಿದಿತ್ತು, ಅದಕ್ಕೆ ಮಾರ್ಕ್ಸ್ ಎಲ್ಲಿದೆ?

ಪಕ್ಕದಲ್ಲಿ ನಿಂತಿದ್ದ ಒಬ್ಬ ತಂದೆಗೆ ಮಾತ್ರ ಈ ಚರ್ಚೆಯಿಂದ ಬಹಳ ಖುಷಿ. ಮಗಳು ಎಲ್‌ಎಲ್‌ಬಿ ಮಾಡುತ್ತಾಳಂತೆ, ಅವರ ಜಾಗದ ಕೇಸು ಆಮೇಲೆ ಅವಳೇ ನಡೆಸುತ್ತಾಳಂತೆ. ಅವರ ಅಪ್ಪ ಹಾಕಿದ ಕೇಸು ಅದು. ಐದು ವರ್ಷದ ಕೋರ್ಸು, ಮೇಲೆ ಸ್ವಲ್ಪ ಪ್ರಾಕ್ಟೀಸು. ಅಷ್ಟರೊಳಗೆ ತೀರ್ಪು ಬಂದುಬಿಟ್ಟರೆ ಎಂಬ ಹೆದರಿಕೆ ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ನಮ್ಮ ನ್ಯಾಯವ್ಯವಸ್ಥೆಯ ಮೇಲೆ ಇಷ್ಟು ನಂಬಿಕೆ ಇಟ್ಟವರನ್ನು ನಾನು ಬೇರೆ ನೋಡಿಲ್ಲ.

ಹೊರಡುವ ಹೊತ್ತಿಗೆ ಆ ಪೇದೆ ಮತ್ತೆ ಬಂದರು. ಈ ಸಲ ದನಿ ಸಣ್ಣದು. ಕನ್ನಡಕದ ಹುಡುಗಿಯನ್ನು ಪಕ್ಕಕ್ಕೆ ಕರೆದರು.

‘ತಂಗಿ, ಅದೆಂತ ನಂಬರ್ ಅಂದ್ಯಲ್ಲ, ಒಂದು ಚೀಟಿಯಲ್ಲಿ ಬರೆದು ಕೊಡು. ಸಾಹೇಬ್ರು ಕೇಳಿದ್ರೆ ಇರಲಿ.’

ಅವಳು ಪ್ರಶ್ನೆಪತ್ರಿಕೆಯ ಮೂಲೆ ಹರಿದು ಬರೆದಳು. ಬಿಎನ್‌ಎಸ್‌ಎಸ್ 163, ಕೆಳಗೆ ಎರಡು ಗೆರೆ. ಅವರು ಓದಿದರು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ ಲಾಠಿ ನೆಲಕ್ಕೆ ಕುಟ್ಟಿದರು.

‘ಹಾಂ, ಹೊರಡಿ ಹೊರಡಿ. ಒನ್ ಫಾರ್ಟಿ ಫೋರ್ ಇದೆ.’